ಕನ್ನಡಕದ ಪಾಠ

ಪಾವಗಡದ ಸೀಮೆಯ ಸರ್ಕಾರೀ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಬಹುಕಾಲ ವಿಜ್ಞಾನವನ್ನು ಬೋಧಿಸಿದ ಉಪಾಧ್ಯಾಯರೊಬ್ಬರು ಇಂಗ್ಲೆಂಡಿಗೆ ಹೋದರು. ಭಾರತದಲ್ಲಿ ತರಬೇತಾದ ಗಣಿತ, ವಿಜ್ಞಾನ, ಭಾಷೆಗಳ ಶಿಕ್ಷಕರ ಅರ್ಹತೆಯನ್ನು ಆ ದೇಶವು 2023ರಿಂದ ಮಾನ್ಯಮಾಡತೊಡಗಿತ್ತು. ಊರಿನವರು ಮೇಷ್ಟರ ಅದೃಷ್ಟ ಖುಲಾಯಿಸಿತೆಂದರು; ಮೇಷ್ಟರೂ ಇಲ್ಲವೆನ್ನಲಿಲ್ಲ.

ಹೋದ ಹೊಸದರಲ್ಲಿ ಅವರು ಮಿತ್ರರಿಗೆ ಬರೆದುದೆಲ್ಲವೂ ಪ್ರಯೋಗಶಾಲೆಯ ವರ್ಣನೆಯೇ. ಹಿಂದಿನ ದಿನವೇ ಚೀಟಿ ಬರೆದುಕೊಟ್ಟರೆ ಸಾಕು, ಮಸೂರ, ಪಟ್ಟಕ, ದೀಪದ ಪೆಟ್ಟಿಗೆಗಳನ್ನು ಸಹಾಯಕನೊಬ್ಬನು ಮೇಜುಗಳ ಮೇಲೆ ಅಣಿಮಾಡಿರುತ್ತಿದ್ದನು. ಪಾವಗಡದಲ್ಲಿದ್ದುದು ಅಂಚು ಒಡೆದ ಒಂದೇ ಮಸೂರ. ಅದು ನಲವತ್ತು ಮಕ್ಕಳ ಕೈಯಿಂದ ಕೈಗೆ ಪ್ರಸಾದದಂತೆ ಸಾಗಬೇಕಾಗಿತ್ತು. ಆದರೆ ಕಾಗದ ಸುಡುವಷ್ಟು ಬಿಸಿಲು ಮಾತ್ರ ಯಥೇಚ್ಛವಾಗಿತ್ತು. ಅಲ್ಲಿ ಮಸೂರಗಳುಂಟು, ಸೂರ್ಯನಿಲ್ಲ!

ಉಪಕರಣಗಳ ಮಾತು ಇಷ್ಟೇ ಸಾಕು. ಹಣವಿದ್ದರೆ ಕಪಾಟು ತುಂಬೀತು. ಅವರನ್ನು ನಿಜವಾಗಿ ಬೆರಗುಗೊಳಿಸಿದುದು ವೇಳಾಪಟ್ಟಿಯಲ್ಲಿ ಬರಿದಾಗಿ ಬಿಟ್ಟಿದ್ದ ಗಂಟೆಗಳು. ಬೋಧನೆಯ ವೇಳೆಯಲ್ಲಿ ಹತ್ತರಲ್ಲೊಂದು ಪಾಲಾದರೂ ಪಾಠದ ಸಿದ್ಧತೆಗೂ ತಿದ್ದುವಿಕೆಗೂ ಮೀಸಲಿರಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 2005ರಿಂದ ನಡೆದುಬಂದಿದೆ. ಇಷ್ಟೂ ಸಾಲದೆಂದು ಅಲ್ಲಿಯ ಶಿಕ್ಷಕರು ಗೊಣಗುತ್ತಾರೆ. ಆ ಗೊಣಗಾಟ ಸುಳ್ಳೂ ಅಲ್ಲ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಿಕ್ಷಕರನ್ನು ಅನ್ಯಕಾರ್ಯಗಳಿಗೆ ಹಚ್ಚಲಾಗದೆಂದು ವಿಧಿಸಿ, ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳಿಗೆ ಮಾತ್ರ ಬಾಗಿಲು ತೆರೆದಿಟ್ಟಿದೆ. ಆ ಬಾಗಿಲು ಕಿರಿದೇನೂ ಅಲ್ಲ. ಬಿಸಿಯೂಟದ ಅಕ್ಕಿಬೇಳೆಯ ಲೆಕ್ಕವಂತೂ ಬಾಗಿಲಿನ ಒಳಗೇ ಇರುತ್ತದೆ.

ಒಂದು ದಿನ ಬೆಳಕಿನ ಪಾಠ ನಡೆದಿತ್ತು. ಹನ್ನೆರಡು ವರ್ಷದ ಹುಡುಗನೊಬ್ಬನು ತನ್ನ ಕನ್ನಡಕವನ್ನೇ ತೆಗೆದು ದೀಪದೆದುರು ಹಿಡಿದನು. ಕಿರಣಗಳು ಕೂಡಿಕೊಳ್ಳುವ ಬದಲು ಚೆದರಿದುವು. ಅದು ಕೆಟ್ಟುಹೋಗಿದೆಯೆಂದು ಮಕ್ಕಳು ನಕ್ಕರು. ಕೆಟ್ಟಿಲ್ಲ, ಅದು ನಿಮ್ನ ಮಸೂರ, ದೂರದ್ದು ಮಬ್ಬಾಗಿ ಕಾಣುವವರಿಗೆ ಬೇಕಾದದ್ದು ಎಂದು ತಿಳಿಸಿದ ಮೇಷ್ಟರು, ಕನ್ನಡಕವಿಲ್ಲದೆ ಹಲಗೆಯ ಬರಹವನ್ನು ಓದೆಂದು ಅವನಿಗೆ ಹೇಳಿದರು. ಹುಡುಗನು ಕಣ್ಣು ಕಿರಿದುಮಾಡಿ ನೋಡಿದನು; ಆಗಲಿಲ್ಲ; ಮೆಲ್ಲನೆ ಪಕ್ಕದವನ ಪುಸ್ತಕದತ್ತ ಬಾಗಿದನು.

ಮೇಷ್ಟರ ಮಾತು ಅಲ್ಲಿಗೇ ನಿಂತಿತು.

ಪಾವಗಡದ ಶಾಲೆಯಲ್ಲಿ, ಗೋಡೆಗೆ ಒರಗಿದ ಹಿಂದಿನ ಸಾಲಿನಲ್ಲಿ, ಹೀಗೆಯೇ ಬಾಗುತ್ತಿದ್ದ ಹುಡುಗಿಯೊಬ್ಬಳಿದ್ದಳು. ಬಾಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳುವಳು, ಹಲಗೆಯಿಂದ ಬರೆದುಕೊಳ್ಳೆಂದರೆ ನೆರೆಯವಳದನ್ನು ನೋಡಿ ಬರೆಯುವಳು. ಎರಡು ವರ್ಷ ಅವರು ಅದನ್ನು ನಕಲೆಂದು ಗದರಿದ್ದರು. ಕಿವಿ ಹಿಂಡಿದ್ದೂ ಉಂಟು. ಶಾಲಾಮಕ್ಕಳ ಆರೋಗ್ಯ ತಪಾಸಣೆಗೆ ವೈದ್ಯರು ಬಂದ ದಿನ ಅವಳು ತಾಯಿಯೊಡನೆ ಕಡಲೆಕಾಯಿ ಕೀಳಲು ಹೋಗಿದ್ದಳು. ಮೇಷ್ಟರು ಮತದಾರರ ಪಟ್ಟಿ ಹಿಡಿದು ಪಕ್ಕದ ಹಟ್ಟಿಯಲ್ಲಿ ಮನೆಮನೆ ಅಲೆಯುತ್ತಿದ್ದರು. ಮರುದಿನ ಅವಳ ಹೆಸರಿನ ಮುಂದೆ ಗೈರುಹಾಜರಿಯೆಂದು ಬರೆದವರು ಅವರೇ.

ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಪಾವಗಡದಲ್ಲಿ ಬೆಳಗಾಗುವುದನ್ನೇ ಕಾದು ಮುಖ್ಯೋಪಾಧ್ಯಾಯಿನಿಗೆ ದೂರವಾಣಿ ಮಾಡಿದರು.

“ಅವಳೇ? ಏಳನೆಯದು ಮುಗಿಸಿ ಟಿ.ಸಿ. ತೆಗೆದುಕೊಂಡು ಹೋದಳಲ್ಲ, ಮೇಷ್ಟ್ರೇ. ಹೈಸ್ಕೂಲಿಗೆ ಸೇರಿದ ಹಾಗೆ ಕಾಣೆ. ಬೆಂಗಳೂರಿನ ಕಡೆಗೆ ಹೋದರಂತೆ. ಯಾಕೆ, ಏನಾದರೂ ಬಾಕಿ ಇತ್ತೇ?”

“ಕಣ್ಣು ತೋರಿಸಬೇಕಾಗಿತ್ತಮ್ಮ” ಎಂದರು ಮೇಷ್ಟರು.