ಮುರಿದ ಬೋಲ್ಟು

ಬಿಗಿಯುವುದು ಸುಲಭ, ಬಹುಕಾಲ ಬಿಗಿದಿದ್ದುದನ್ನು ಬಿಚ್ಚುವುದು ಕಷ್ಟ. ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ನನ್ನು ಬಿಚ್ಚಿ ಜೋಡಿಸುವವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆದಿಯಲ್ಲಿ ಜಾವಾ ಗಾಡಿಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿಹೋಯಿತು. ಆ ಹೆಸರುಗಳು ಈಚೆಗೆ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆಯಾದರೂ, ಹಳೆಯ ಟೂ ಸ್ಟ್ರೋಕ್ ಇಂಜಿನ್ನಿನ ಎರಕದ ಒಡಲು ಕೆಟ್ಟರೆ ಅಂತಹುದೇ ಇನ್ನೊಂದನ್ನು ಹುಡುಕುವುದು ಪ್ರಯಾಸವೇ ಸರಿ.

ಅಂತಹ ಯೆಜ್ಡಿಯೊಂದು ಹಳೇಬೀಡಿನ ಉಪಾಧ್ಯಾಯರೊಬ್ಬರಿಗೆ ತಂದೆಯಿಂದ ಬಂದಿತ್ತು. ತಂದೆಯವರು ಕೊಬ್ಬರಿಯ ವ್ಯಾಪಾರಕ್ಕಾಗಿ ಅದನ್ನೇರಿ ಅರಸೀಕೆರೆಗೆ ಹೋಗಿಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿಯು ಕೊಟ್ಟಿಗೆಯಲ್ಲಿ ಹಲವು ಮಳೆಗಾಲಗಳನ್ನು ಕಳೆಯಿತು. ಅದಕ್ಕೆ ಮತ್ತೆ ಜೀವ ತರಬೇಕೆಂದು ಮಗನು ಕೈಯಿಟ್ಟಾಗ ಇಂಜಿನ್ನಿನ ಬೋಲ್ಟೊಂದರ ತಲೆ ಕಿತ್ತು ಬಂದಿತು. ಮೈ ಒಳಗೇ ಉಳಿಯಿತು.

ಡ್ರಿಲ್ ಹಾಕಿ ತೆಗೆದುಬಿಡಿರೆಂದು ಅವರು ಅರಸೀಕೆರೆಯ ವೃದ್ಧ ಮೆಕ್ಯಾನಿಕ್ ಒಬ್ಬರನ್ನು ಕೇಳಿಕೊಂಡರು. ವೃದ್ಧರು ನಕ್ಕು, "ಮೇಷ್ಟ್ರೇ, ಮುರಿದಿರೋದು ಬೋಲ್ಟು, ನಾವು ಉಳಿಸಬೇಕಾದ್ದು ಅದರ ಮನೆ" ಎಂದರು.

ಈ ವಿದ್ಯೆಯ ಸಾರವೆಲ್ಲ ಆ ಮಾತಿನಲ್ಲಿದೆ. ಬೋಲ್ಟು ಉಕ್ಕಿನದು, ಅದರ ಮನೆಯಾದ ಇಂಜಿನ್ನಿನ ಒಡಲು ಅಲ್ಯೂಮಿನಿಯಮ್ಮಿನದು. ಎರಡರ ನಡುವೆ ತೇವ ಸೇರಿದರೆ ಅಲ್ಯೂಮಿನಿಯಮ್ ಸವೆದು, ಬಿಳಿಯ ಪುಡಿಯಾಗಿ, ತಿರುಪಿನ ಸುತ್ತುಗಳನ್ನು ಕಚ್ಚಿಹಿಡಿಯುತ್ತದೆ. ಅಲ್ಲಿ ಬಲವನ್ನು ನಂಬಿದವರ ಬೋಲ್ಟು ಮುರಿಯದೆ ಇರದು. ಆದರೆ ಕಾದಾಗ ಅಲ್ಯೂಮಿನಿಯಮ್ ಉಕ್ಕಿಗಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ಆದುದರಿಂದ ಮೊದಲು ಸಂದಿಗಿಳಿಯುವ ತೆಳು ಎಣ್ಣೆ, ಒಂದು ರಾತ್ರಿಯ ವಿರಾಮ. ಅನಂತರ ಎಣ್ಣೆಯನ್ನು ಒರೆಸಿ, ಪೆಟ್ರೋಲ್ ಟ್ಯಾಂಕನ್ನು ದೂರವಿರಿಸಿ, ಸುತ್ತಣ ಒಡಲಿಗೆ ಹದವಾದ ಕಾವು. ನಡುನಡುವೆ ಸಣ್ಣ ಸುತ್ತಿಗೆಯ ಮೃದುವಾದ ಪೆಟ್ಟು. ತುಂಡು ಹೊರಗಿಣುಕುತ್ತಿದ್ದರೆ ಅದಕ್ಕೊಂದು ನಟ್ಟನ್ನು ವೆಲ್ಡಿಂಗ್ ಮಾಡುವುದುಂಟು. ಆಗ ಸ್ಪ್ಯಾನರಿಗೆ ಹೊಸ ತಲೆ ದೊರೆಯುತ್ತದೆ. ವೆಲ್ಡಿಂಗಿನ ಕಾವೇ ಒಳಗಿನ ಹಿಡಿತವನ್ನೂ ಸಡಿಲಿಸುತ್ತದೆ.

ಡ್ರಿಲ್ಲು ಕಡೆಯ ಉಪಾಯ. 6 ಮಿಲಿಮೀಟರಿನ ಬೋಲ್ಟಾದರೆ ನಟ್ಟನಡುವೆ ಪಂಚಿನಿಂದ ಗುರುತಿಟ್ಟು, ಸಣ್ಣ ರಂಧ್ರದಿಂದ ಆರಂಭಿಸಿ, 5 ಮಿಲಿಮೀಟರಿಗೆ ನಿಲ್ಲಿಸಬೇಕು. ನಡು ತಪ್ಪಿದರೆ ಡ್ರಿಲ್ಲು ಮೆತ್ತಗಿನ ಅಲ್ಯೂಮಿನಿಯಮ್ಮಿನ ಕಡೆಗೆ ಓಡುತ್ತದೆ. ತುಂಡನ್ನು ತಿರುಗಿಸಿ ತೆಗೆಯುವ ಎಕ್ಸ್‌ಟ್ರಾಕ್ಟರು ಒಳಗೇ ಮುರಿದರಂತೂ ಹೇಳತೀರದು. ಅದರ ಗಡಸು ಉಕ್ಕು ಸಾಮಾನ್ಯ ಡ್ರಿಲ್ಲಿಗೆ ಮಣಿಯದು. ಹಳೇಬೀಡಿನವರಿಗೆ ಇದು ಹೊಸ ಮಾತಲ್ಲ. ಅಲ್ಲಿಯ ಮತ್ತು ಬೇಲೂರಿನ ಬಳಪದ ಕಲ್ಲು ಉಳಿಗೆ ಸುಲಭವಾಗಿ ಒಲಿದುದಾದರೂ, ಹೆಚ್ಚಾಗಿ ಕೆತ್ತಿದುದನ್ನು ಮರಳಿ ಸೇರಿಸುವ ಉಳಿ ಯಾವ ಶಿಲ್ಪಿಯ ಬಳಿಯೂ ಇರಲಿಲ್ಲ.

ಉಪಾಧ್ಯಾಯರ ಬೋಲ್ಟು ಡ್ರಿಲ್ಲಿನವರೆಗೆ ಹೋಗಲಿಲ್ಲ. ನಟ್ಟನ್ನು ವೆಲ್ಡಿಂಗ್ ಮಾಡಿ, ಮೂರನೆಯ ಸಲ ಕಾವು ಕೊಟ್ಟಾಗ ಅದು ಕಾಲು ಸುತ್ತು ಕದಲಿತು. ಮೇಷ್ಟರು ಹಿಗ್ಗಿ ಒಮ್ಮೆಗೇ ತಿರುಗಿಸಹೋದರು. ವೃದ್ಧರು ಅವರ ಕೈಯನ್ನು ತಡೆದು, ತುಸು ಹೊರಕ್ಕೆ, ತುಸು ಒಳಕ್ಕೆ, ಮತ್ತೆ ಹೊರಕ್ಕೆ ಆಡಿಸುತ್ತ ಬಂದರು. ಬಿಳಿಯ ಪುಡಿ ಉದುರಿತು, ತುಂಡು ಹೊರಬಂದಿತು, ಒಳಗಿನ ಸುತ್ತುಗಳು ಕೆಡದೆ ಉಳಿದಿದ್ದುವು. ಮೇಷ್ಟರು ಆ ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

ಹೊಸ ಬೋಲ್ಟಿಗೆ ವೃದ್ಧರು ತೆಳುವಾಗಿ ಗ್ರೀಸು ಬಳಿದು ಹದವಾಗಿ ಬಿಗಿದರು. ಇನ್ನಷ್ಟು ಬಿಗಿಯಬಾರದೆ ಎಂದುದಕ್ಕೆ, "ಸಾಕು ಮೇಷ್ಟ್ರೇ. ನಾಳೆ ಇದನ್ನ ಬಿಚ್ಚೋವ್ರೂ ಇರ್ತಾರಲ್ಲ" ಎಂದರು.