ಬಯಲಿನಲ್ಲಿ ಕುಟುಂಬದ ಭಾವಚಿತ್ರ

ಮದುವೆ ಮುಂಜಿಗಳಿಗೆ ನೆಂಟರಿಷ್ಟರು ಕೂಡಿದಾಗ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಒಂದು ಭಾವಚಿತ್ರವನ್ನು ತೆಗೆಯುವುದು ಮನೆಮನೆಯಲ್ಲಿಯೂ ನಡೆದುಬಂದಿರುವ ಪದ್ಧತಿ. ಹಿಂದೆ ಇದಕ್ಕಾಗಿ ಛಾಯಾಗ್ರಾಹಕನನ್ನು ಕರೆಸಬೇಕಾಗಿತ್ತು; ಈಗ ಮನೆಗೆ ನಾಲ್ಕು ಮೊಬೈಲುಗಳಿರುವುದರಿಂದ ಆ ತೊಂದರೆಯಿಲ್ಲ. ಆದರೂ ಹೀಗೆ ತೆಗೆದವುಗಳಲ್ಲಿ ಹಿರಿಯರ ಕಣ್ಣು ಸ್ಪಷ್ಟವಾಗಿ ಕಾಣುವ ಚಿತ್ರಗಳು ಎಷ್ಟಿವೆಯೆಂಬುದನ್ನು ವಾಚಕರು ಒಮ್ಮೆ ಎಣಿಸಿ ನೋಡಬೇಕೆಂದು ನಮ್ಮ ವಿಜ್ಞಾಪನೆ.

ದೋಷವು ಬಹುಮಟ್ಟಿಗೆ ಹೊತ್ತಿನದು. ಊಟಕ್ಕೆ ಎಲೆ ಹಾಕುವ ಮೊದಲು, ನಡುಹಗಲಿನ ಬಿಸಿಲಿನಲ್ಲಿ, ಎಲ್ಲರನ್ನೂ ಅವಸರದಿಂದ ನಿಲ್ಲಿಸುತ್ತೇವೆ. ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ, ಎಂದರೆ ಲಗ್ನಗಳ ಕಾಲದಲ್ಲಿಯೇ, ಬೆಂಗಳೂರಿನವರಿಗೆ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಹುಬ್ಬಿನ ನೆರಳು ಕಣ್ಣನ್ನೂ ಮೂಗಿನ ನೆರಳು ತುಟಿಯನ್ನೂ ಮುಚ್ಚಿಬಿಡುತ್ತದೆ. ಬೆಳಗಿನ ಎಳೆಬಿಸಿಲು ಅಥವಾ ಸಂಜೆಯ ಇಳಿಬಿಸಿಲು ಉತ್ತಮ. ಮುಹೂರ್ತವು ನಮ್ಮ ಕೈಯಲ್ಲಿಲ್ಲದಿದ್ದರೆ ಜಗಲಿಯ ಸೂರಿನ ಕೆಳಗೆ, ಅಂಗಳಕ್ಕೆ ಮುಖಮಾಡಿ ನಿಲ್ಲಿಸಬಹುದು. ಅಂಗಳದಿಂದ ಪುಟಿದುಬಂದ ಬೆಳಕು ಮುಖಗಳನ್ನು ಮೃದುವಾಗಿ ಬೆಳಗುತ್ತದೆ. ಮರದಡಿಯಾದರೋ ಎಲೆಗಳ ಸಂದಿನಿಂದ ತೂರಿಬಂದ ಬಿಸಿಲು ಒಬ್ಬೊಬ್ಬರ ಕೆನ್ನೆಯ ಮೇಲೂ ಚುಕ್ಕೆಯಿಡುತ್ತದೆ.

ಇನ್ನೊಂದು ತೊಡಕುಂಟು. ಯಂತ್ರವು ದೃಶ್ಯದಲ್ಲಿರುವ ಬೆಳಕನ್ನೆಲ್ಲ ಕೂಡಿಸಿ ಸರಾಸರಿ ಕಟ್ಟುತ್ತದೆ. ಸುಣ್ಣದ ಗೋಡೆ, ಮಲ್ಲಿನ ಪಂಚೆ ಇವೇ ಹೆಚ್ಚಾದಾಗ, ಬೆಳಕು ಮಿತಿಮೀರಿತೆಂದು ಬಗೆದು ಎಲ್ಲವನ್ನೂ ಮಬ್ಬುಮಾಡುತ್ತದೆ. ಕಪ್ಪುಮೈಯ ಅಜ್ಜನ ಮುಖವು ಮಸಿಯಾಗುತ್ತದೆ. ತೆರೆಯ ಮೇಲೆ ಅಜ್ಜನ ಮುಖವನ್ನೇ ಬೆರಳಿನಿಂದ ಮುಟ್ಟಿದರೆ ಯಂತ್ರವು ಆ ಮುಖಕ್ಕನುಸಾರವಾಗಿ ಬೆಳಕನ್ನು ಅಳೆಯುತ್ತದೆ. ಆದರೆ ಪಂಚೆಯ ಮಡಿಕೆಗಳೇ ಅಳಿಸಿಹೋಗುವಷ್ಟು ಬೆಳಕು ಸಲ್ಲದು. ಮಬ್ಬಾದುದನ್ನು ಆಮೇಲೆ ಅಷ್ಟಿಷ್ಟು ಎತ್ತಬಹುದು; ಪೂರ್ತಿ ಬೆಳ್ಳಗೆ ಸುಟ್ಟುಹೋದುದನ್ನು ಮರಳಿ ತರಲಾಗದು.

ಹತ್ತಿರದಿಂದ ತೆಗೆದರೆ ಅಂಚಿನಲ್ಲಿ ನಿಂತವರು ಅಗಲವಾಗಿ ಕಾಣುತ್ತಾರೆ. ಹಲವು ಹೆಜ್ಜೆ ಹಿಂದೆ ಸರಿಯುವುದೇ ಇದಕ್ಕೆ ಮದ್ದು. ಹತ್ತಾರು ಸಲ ತೆಗೆಯಲೂ ಬೇಕು; ಇಪ್ಪತ್ತು ಜನರಲ್ಲಿ ಒಬ್ಬರಾದರೂ ಕಣ್ಣು ಮುಚ್ಚದಿರುವುದು ಅಪರೂಪ.

ಇನ್ನು ತಿದ್ದುವ ವಿಚಾರ. ನಮ್ಮ ಸೋದರತ್ತೆಯವರು ಕಪ್ಪು ಬಣ್ಣದವರು. ಮುಖದಲ್ಲಿ ಸಿಡುಬಿನ ಕಲೆಗಳಿದ್ದುವು. ಅವರು ತೀರಿಕೊಂಡ ಮೇಲೆ ಗುಂಪಿನ ಚಿತ್ರವೊಂದರಿಂದ ಅವರ ಮುಖವನ್ನು ಬೇರ್ಪಡಿಸಿ ದೊಡ್ಡದುಮಾಡಿಕೊಡುವಂತೆ ಒಂದು ಅಂಗಡಿಗೆ ಒಪ್ಪಿಸಿದೆವು. ಅಂಗಡಿಯವರು ಕೇಳದೆಯೇ ಕಲೆಗಳನ್ನು ಅಳಿಸಿ, ಸುಕ್ಕುಗಳನ್ನು ಸವರಿ, ಮೈಯನ್ನು ಗೋಧಿಬಣ್ಣಕ್ಕೆ ತಿರುಗಿಸಿದ್ದರು. ಅವರ ಕೈತುತ್ತು ತಿಂದು ಬೆಳೆದ ಮೊಮ್ಮಗಳು ಅದನ್ನು ನೋಡಿ, “ಇವರು ಯಾರು?” ಎಂದಳು. ಮೂಲಚಿತ್ರವು ಮನೆಯಲ್ಲಿ ಉಳಿದಿತ್ತಾಗಿ ಬೇರೊಂದನ್ನು ಮಾಡಿಸಲಾಯಿತು. ಈಗ ಈ ಕೆಲಸವನ್ನು ಮೊಬೈಲೇ, ಅನೇಕ ವೇಳೆ ಅಪ್ಪಣೆ ಬೇಡದೆ, ಮಾಡುತ್ತದೆ. ಮುಖವನ್ನು ನಯಗೊಳಿಸುವ ಆ ಏರ್ಪಾಡನ್ನು ಮೊದಲೇ ನಿಲ್ಲಿಸತಕ್ಕದ್ದು. ಬಿಳಿಯ ಮೈಯನ್ನೇ ಅಳತೆಗೋಲಾಗಿಟ್ಟುಕೊಂಡ ಚಾಳಿ ಇಂದಿನದಲ್ಲ. 20ನೆಯ ಶತಮಾನದ ಮಧ್ಯಭಾಗದಲ್ಲಿ ಕೊಡ್ಯಾಕ್ ಕಂಪೆನಿಯವರು ಬಣ್ಣವನ್ನು ಸರಿನೋಡಲು ಮುದ್ರಣಾಲಯಗಳಿಗೆ ಕಳುಹಿಸುತ್ತಿದ್ದ ಮಾದರಿ ಚಿತ್ರದಲ್ಲಿ ಇರುತ್ತಿದ್ದುದು ಬಿಳಿಯ ಹೆಂಗಸಿನ ಮುಖವೇ.

ಬೆಳಕನ್ನು ತಿದ್ದುವುದಕ್ಕೆ ನಮ್ಮ ಅಡ್ಡಿಯಿಲ್ಲ. ನೆರಳಿನಲ್ಲಿ ತೆಗೆದ ಚಿತ್ರವು ನೀಲಿಗೆ ತಿರುಗುವುದರಿಂದ ಬಣ್ಣವನ್ನು ತುಸು ಬೆಚ್ಚಗೆ ಮಾಡಬಹುದು. ಕತ್ತಲೆಯ ಭಾಗವನ್ನು ಎತ್ತಬಹುದು. ವಾಲಿದ ಗೋಡೆಯನ್ನು ನೆಟ್ಟಗೆ ನಿಲ್ಲಿಸಬಹುದು. ಅಂಚನ್ನು ಕತ್ತರಿಸುವಾಗ ಯಾರ ಪಾದವೂ ಹೋಗದಂತೆ ನೋಡಿಕೊಳ್ಳಬೇಕು. ಇಷ್ಟನ್ನೂ ಪ್ರತಿಯ ಮೇಲೆ ಮಾಡಿ ಮೂಲವನ್ನು ಹಾಗೆಯೇ ಇಡಬೇಕು. 4000ಕ್ಕೆ 3000 ಚುಕ್ಕೆಗಳ ಚಿತ್ರವನ್ನು ಅಂಗುಲಕ್ಕೆ 300ರಂತೆ ಅಚ್ಚುಹಾಕಿಸಿದರೆ 13 ಅಂಗುಲ ಉದ್ದ, 10 ಅಂಗುಲ ಅಗಲದವರೆಗೆ ಚೊಕ್ಕಟವಾಗಿ ಬರುತ್ತದೆ. ಅಚ್ಚಿನವರಿಗೆ ವಾಟ್ಸಾಪಿನ ಮೂಲಕ ಕಳುಹಿಸುವುದಾದರೆ ಡಾಕ್ಯುಮೆಂಟಿನ ರೂಪದಲ್ಲಿ ಕಳುಹಿಸಬೇಕು. ಸಾಧಾರಣ ಚಿತ್ರವಾಗಿ ಹೋದರೆ ದಾರಿಯಲ್ಲಿಯೇ ಕುಗ್ಗಿರುತ್ತದೆ.