ಆರಡಿ ಸಾಫ್ಟ್‌ಬಾಕ್ಸಿಗೆ ಎಷ್ಟು ಪವರ್?

ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಜಾಹೀರಾತು ಫೋಟೋ ತೆಗೆಯುವವರು ಒಬ್ಬರನ್ನೊಬ್ಬರು ಕೇಳುತ್ತಿದ್ದ ಮೊದಲ ಪ್ರಶ್ನೆ: ‘ನಿಮ್ಮ ಪ್ಯಾಕ್ ಎಷ್ಟರದು?’ ಪ್ಯಾಕ್ ಅಂದರೆ ಗೋಡೆಯ ಕರೆಂಟನ್ನು ಕೆಪಾಸಿಟರುಗಳಲ್ಲಿ ತುಂಬಿಟ್ಟುಕೊಂಡು, ಶಟರ್ ತೆರೆದ ಕ್ಷಣಕ್ಕೆ ಫ್ಲ್ಯಾಶ್ ಟ್ಯೂಬಿಗೆ ಸುರಿಯುವ ಭಾರದ ಪೆಟ್ಟಿಗೆ. 1200 ವ್ಯಾಟ್-ಸೆಕೆಂಡಿನದಾದರೆ ಪರವಾಗಿಲ್ಲ. 2400ರದು ಇದ್ದವರಿಗೆ ದೊಡ್ಡ ಕೆಲಸ ಸಿಗುತ್ತಿತ್ತು. ನಾನು ಸಹಾಯಕನಾಗಿದ್ದ ಸ್ಟುಡಿಯೋಗೆ ಸ್ವಂತ ಪ್ಯಾಕ್ ಇರಲಿಲ್ಲ, ಬೇಕಾದಾಗ ಬಾಡಿಗೆಗೆ ತರುತ್ತಿದ್ದೆವು.

ನಮಗೆ ಹೆಚ್ಚಾಗಿ ಬರುತ್ತಿದ್ದದ್ದು ರೇಷ್ಮೆ ಸೀರೆಯ ಕೆಲಸ. ಜರಿ ತನ್ನೆದುರಿನ ದೀಪವನ್ನೇ ತೋರಿಸುತ್ತದೆ. ದೀಪ ಸಣ್ಣದಾದರೆ ಅಲ್ಲಲ್ಲಿ ಬಿಳಿ ಚುಕ್ಕೆ ಹೊಡೆದು ಉಳಿದದ್ದೆಲ್ಲ ಕಂದುಗಟ್ಟುತ್ತದೆ. ದೀಪದ ಮುಂದೆ ಕಟ್ಟುವ ಬಟ್ಟೆಯ ಪೆಟ್ಟಿಗೆ, ಅಂದರೆ ನಾಲ್ಕಡಿ-ಆರಡಿಯ ಸಾಫ್ಟ್‌ಬಾಕ್ಸನ್ನು ಹತ್ತಿರಕ್ಕೆ ಎಳೆದರೆ ಸೆರಗಿನ ಉದ್ದಕ್ಕೂ ಬಂಗಾರದ ಬಣ್ಣ ಒಂದೇ ಸಮ ಏಳುತ್ತದೆ. ಅದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಸಣ್ಣ ದೀಪ ರುಚಿಸುವುದಿಲ್ಲ. ಆದರೆ ಅದೇ ಒಂದು ಚಮಚ ತುಪ್ಪವನ್ನು ಅಗಲದ ರೊಟ್ಟಿಗೆ ಸವರಿದ ಹಾಗೆ, ಬೆಳಕು ತೆಳುವಾಗುತ್ತದೆ. ಒಳಗೊಂದು, ಹೊರಗೊಂದು ಬಿಳಿ ಬಟ್ಟೆ ದಾಟುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕಳೆದುಹೋಗುತ್ತದೆ. ಒಳಬಟ್ಟೆ ಬಿಚ್ಚಿದರೆ ಬೆಳಕು ಹೆಚ್ಚುತ್ತದೆ ನಿಜ, ಆದರೆ ನಡುವೆ ಉರಿಬಿಳಿ, ಅಂಚಿನಲ್ಲಿ ಮಬ್ಬು. ಆರಡಿಯದನ್ನು ಹೊತ್ತು ತಂದು ಎರಡಡಿಯದರ ಕೆಲಸ ಮಾಡಿಸಿಕೊಂಡಂತೆ ಆಯಿತು.

ಇದರ ಮೇಲೆ ಫಿಲ್ಮಿನ ಹಸಿವು. 1990ರಲ್ಲಿ ಬಂದ ಫ್ಯೂಜಿ ವೆಲ್ವಿಯಾವನ್ನು ಬಟ್ಟೆಯ ಬಣ್ಣಕ್ಕಾಗಿ ಎಲ್ಲರೂ ಕೇಳುತ್ತಿದ್ದರು. ಅದರ ವೇಗ ಐಎಸ್‌ಓ 50 ಮಾತ್ರ. ಮಮಿಯಾ ಆರ್‌ಬಿ67 ಕ್ಯಾಮೆರಾದಲ್ಲಿ ಸೆರಗು, ನಿರಿಗೆ ಎರಡೂ ಚೂಪಾಗಿ ಬರಬೇಕೆಂದರೆ ಎಫ್/16ಕ್ಕೆ ಇಳಿಯಬೇಕು. ಆಗ ದೊಡ್ಡ ಸಾಫ್ಟ್‌ಬಾಕ್ಸಿಗೆ 2400 ಪೂರ್ತಿ ಬೇಕಾಗುತ್ತಿತ್ತು. ಢಬ್ ಎಂದು ಹೊಡೆದ ಮೇಲೆ ಪ್ಯಾಕ್ ಕುಯ್ಯೆಂದು ಮತ್ತೆ ತುಂಬಿಕೊಳ್ಳುವುದು, ಕೋಣೆಯ ಬಲ್ಬು ಕ್ಷಣ ಮಂಕಾಗುವುದು, ಮಾಡೆಲ್ ಅದೇ ಭಂಗಿಯಲ್ಲಿ ಉಸಿರು ಬಿಗಿಹಿಡಿದು ಕಾಯುವುದು. ನಾನು ಪೋಲರಾಯ್ಡಿನ ಕಾಗದವನ್ನು ಕಂಕುಳಲ್ಲಿ ಬೆಚ್ಚಗೆ ಹಿಡಿದು ಸೆಕೆಂಡು ಎಣಿಸುತ್ತಿದ್ದೆ. ಸೋಪು, ಗಡಿಯಾರದಂಥ ಅಲುಗಾಡದ ವಸ್ತುಗಳಿಗೆ ಇನ್ನೊಂದು ಉಪಾಯವಿತ್ತು: ಕೋಣೆ ಕತ್ತಲು ಮಾಡಿ, ಶಟರ್ ತೆರೆದಿಟ್ಟು, ಎಂಟು ಸಲ ಫ್ಲ್ಯಾಶ್ ಹೊಡೆಯುವುದು. ಬೆಳಕು ದುಪ್ಪಟ್ಟಾದರೆ ಒಂದು ಸ್ಟಾಪ್, ಹಾಗಾಗಿ ಎಂಟು ಪಟ್ಟಿಗೆ ಮೂರು ಸ್ಟಾಪ್ ಬೆಳಕು ಪುಕ್ಕಟೆ. ಸೀರೆ ಉಟ್ಟು ನಿಂತವರಿಗೆ ಅದು ನಡೆಯುತ್ತಿರಲಿಲ್ಲ.

ಡಿಜಿಟಲ್ ಬಂದಾಗ ಎಲ್ಲರೂ ಮಾತಾಡಿದ್ದು ಫಿಲ್ಮಿನ ಖರ್ಚು ಉಳಿಯಿತೆಂದು. ದೀಪದ ಲೆಕ್ಕ ತಿರುಗಿಬಿದ್ದದ್ದನ್ನು ಗಮನಿಸಿದವರು ಕಡಿಮೆ. ಐಎಸ್‌ಓ 50ರಿಂದ 400ಕ್ಕೆ ಹೋದರೆ ಮೂರು ಸ್ಟಾಪ್. ಸೆನ್ಸರ್ ಆ ಫಿಲ್ಮಿಗಿಂತ ಚಿಕ್ಕದಾದ್ದರಿಂದ ಎಫ್/16ರ ಬದಲು ಎಫ್/8 ಸಾಕು, ಅಲ್ಲಿ ಎರಡು. ಒಟ್ಟು ಐದು ಸ್ಟಾಪ್, ಅಂದರೆ 32 ಪಟ್ಟು. 2400 ಬೇಕಿದ್ದ ಕಡೆ 75 ಸಾಕಾಯಿತು! ದೊಡ್ಡ ಸಾಫ್ಟ್‌ಬಾಕ್ಸ್ ಬೆಂಗಳೂರಿನ ಕೆಲವೇ ಸ್ಟುಡಿಯೋಗಳ ಸೊತ್ತಾಗಿ ಉಳಿಯಲಿಲ್ಲ. ಇಂಗ್ಲೆಂಡಿನ ಬೋವೆನ್ಸ್ ಕಂಪನಿ 2017ರಲ್ಲಿ ಬಾಗಿಲು ಮುಚ್ಚಿತು, ಆದರೆ ದೀಪಕ್ಕೆ ಸಾಫ್ಟ್‌ಬಾಕ್ಸ್ ಸಿಕ್ಕಿಸಲು ಅದು ರೂಪಿಸಿದ ಮೌಂಟ್ ಇವತ್ತು ಚೀನಾದ ಗೋಡಾಕ್ಸ್ ದೀಪಗಳ ಮೂತಿಯಲ್ಲಿ ನಮ್ಮ ತಾಲ್ಲೂಕು ಕೇಂದ್ರದ ಸ್ಟುಡಿಯೋಗಳನ್ನೂ ಹೊಕ್ಕಿದೆ. ಈ ವಿದ್ಯೆ ಇಷ್ಟು ಜನರ ಕೈಗೆ ಬಂದದ್ದು ನನಗೆ ನಿಜವಾದ ಸಂತೋಷ.

ತೊಂದರೆ ಈಗ ಇನ್ನೊಂದು ತುದಿಯಲ್ಲಿದೆ. ಹಿನ್ನೆಲೆ ಕರಗಿದಂತೆ ಬೇಕೆಂದು ಹುಡುಗರು ಎಫ್/2.8ರಲ್ಲಿ ತೆಗೆಯುತ್ತಾರೆ. ಎಂಟನೇ ಒಂದು ಭಾಗಕ್ಕಿಂತ ಕೆಳಗಿಳಿಯದ ಹಳೆಯ 600ರ ದೀಪ ಕೊಡುವ ಕನಿಷ್ಠ 75 ಕೂಡ ಅಲ್ಲಿ ವಿಪರೀತ. ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ ಬೆಳಕನ್ನು ತಡೆಯಬೇಕಾಗುತ್ತದೆ.

ಹಾಗೆಂದು 200ರದ್ದೇ ಸಾಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮದುವೆ ಮನೆಯ ಹನ್ನೆರಡು ಮಂದಿಯನ್ನು ಎರಡು ಸಾಲಿನಲ್ಲಿ ನಿಲ್ಲಿಸಿ ನೋಡಿ. ಒಂದು ತುದಿಯ ಅಜ್ಜಿಗೂ ಇನ್ನೊಂದು ತುದಿಯ ಮೊಮ್ಮಗುವಿಗೂ ಸಮ ಬೆಳಕು ಬೀಳಲು ದೀಪವನ್ನು ದುಪ್ಪಟ್ಟು ದೂರಕ್ಕೆ ಸರಿಸಬೇಕು. ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ, 75 ಹೋಗಿ 300 ಆಗುತ್ತದೆ. 600ರ ದೀಪವಾದರೆ ಅರ್ಧ ಪವರಿನಲ್ಲಿ ನಿರಾಳವಾಗಿ ಹೊಡೆದು, ಮಗು ಕಣ್ಣು ಮಿಟುಕಿಸಿದರೆ ತಕ್ಷಣ ಇನ್ನೊಂದು ತೆಗೆಯಬಹುದು. ದೊಡ್ಡ ಸಾಫ್ಟ್‌ಬಾಕ್ಸಿಗೆ ಯಾವುದು ಕೊಳ್ಳಲಿ ಎಂದು ಕೇಳುವವರಿಗೆ ನಾನು 600 ಎನ್ನುತ್ತೇನೆ, ಅದು ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನು ಅಂಗಡಿಯಲ್ಲೇ ಹೊಡೆದು ನೋಡಿ ತರಲು ಹೇಳುತ್ತೇನೆ.